ಪಂಚಗಂಗಾವಳಿಯ ತಡಿಯ ತಲ್ಲೂರು

ಸಹ್ಯಾದ್ರಿಯ ಮಗ್ಗುಲಿನಿಂದ ಬೇರೆಬೇರೆ ಹಾದಿಗಳಲ್ಲಿ ಇಳಿದುಬರುವ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕಾ ಎಂಬ ಐದು ಹೊಳೆಗಳು ಪಂಚಗಂಗಾವಳಿಯಾಗಿ ಬೆರೆತು ಗಂಗೊಳ್ಳಿಯ ಅಳಿವೆಯಲ್ಲಿ ಪಡುಗಡಲನ್ನು ಸೇರುವ ಪ್ರದೇಶದಲ್ಲಿ, ಕುಂದಾಪುರದಿಂದ ಬೈಂದೂರಿನತ್ತ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ತಲ್ಲೂರು ನೆಲಸಿದೆ. ಇಲ್ಲಿ ನೆಲವೆಷ್ಟು, ನೀರೆಷ್ಟು ಎಂಬುದನ್ನು ಭರತ ಇಳಿತಗಳೇ ದಿನಕ್ಕೆರಡು ಬಾರಿ ನಿರ್ಣಯಿಸುತ್ತವೆ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುವ ಸಿಹಿನೀರು ಬೇಸಗೆಗೆ ಕುಗ್ಗಿದಾಗ ಉಪ್ಪುನೀರು ಹೊಳೆಯುದ್ದಕ್ಕೂ ಒಳನುಗ್ಗುವುದರಿಂದ, ದಂಡೆ ಕಟ್ಟಿ ಬೈಲುಗದ್ದೆಯನ್ನು ಕಾಯುವುದು ಇಲ್ಲಿಯ ಬೇಸಾಯದ ಮೊದಲ ಕರ್ತವ್ಯವಾಗಿದೆ.

ಭತ್ತ, ತೆಂಗು, ಹೊಳೆಯ ಮೀನು ಮತ್ತು ಸಿಗಡಿ, ಒಂದು ಕಾಲಕ್ಕೆ ಅನೇಕರಿಗೆ ಕೂಲಿಯೊದಗಿಸಿದ ಹಂಚಿನ ಕಾರ್ಖಾನೆಗಳು, ಮುಂಬಯಿ ಬೆಂಗಳೂರುಗಳ ಹೋಟೆಲುಗಳಲ್ಲಿ ದುಡಿಯುವ ಮಕ್ಕಳು ಮನೆಗೆ ಕಳುಹಿಸುವ ಹಣ: ಇವು ಈ ಸೀಮೆಯ ಜೀವನಾಧಾರಗಳು. ನೆರೆಯ ಹೆಮ್ಮಾಡಿಯ ಸೇವಂತಿಗೆಯಂತೂ ಮಕರ ಸಂಕ್ರಾಂತಿಗೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆಯ ವೇಳೆಗೆ ಅರಳಿ, ದೇವರ ಪೂಜೆಯನ್ನೂ ರೈತನ ಸಂಸಾರವನ್ನೂ ಏಕಕಾಲಕ್ಕೆ ಪೋಷಿಸುತ್ತದೆ.

ಆದರೆ ತಲ್ಲೂರಿನ ಮಗ್ಗುಲ ಉಪ್ಪಿನಕುದ್ರುವಿನಲ್ಲಿ ಬೆಳೆದಿರುವ ಸಂಪತ್ತಿಗೆ ಇವಾವುವೂ ಸಾಟಿಯಾಗಲಾರವೆಂದು ನನ್ನ ಭಾವನೆ. ಹೊಳೆಯ ನಡುವಣ ಈ ಕುದ್ರುವಿನ, ಎಂದರೆ ನಡುಗಡ್ಡೆಯ, ಕಾಮತರ ಮನೆತನ, ಮನೆಮಾತು ಕೊಂಕಣಿಯಾಗಿದ್ದರೂ, ಬಡಗುತಿಟ್ಟು ಶೈಲಿಯ ಯಕ್ಷಗಾನವನ್ನು ಮರದ ಗೊಂಬೆಗಳಿಂದ ಕನ್ನಡದಲ್ಲಿ ಆಡಿಸುವ ವಿದ್ಯೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದೆ. ಒಂದೂವರೆ ಅಡಿಯಷ್ಟೆತ್ತರದ ಗೊಂಬೆಗೆ ಕಿರೀಟ, ಭುಜಕೀರ್ತಿ, ಎದೆಪದಕಗಳೆಲ್ಲವೂ ಮೇಳದ ವೇಷದ ಪ್ರಮಾಣದಲ್ಲಿಯೇ ಇರತಕ್ಕವು. ಭಾಗವತನ ಪದಕ್ಕೂ ಮದ್ದಳೆ ಚಂಡೆಗಳ ಪೆಟ್ಟಿಗೂ ಸರಿಹೊಂದುವಂತೆ, ಪರದೆಯ ಮರೆಯಲ್ಲಿ ನಿಂತ ಸೂತ್ರಧಾರನು ದಾರಗಳನ್ನು ಜಗ್ಗುತ್ತಾ ಸಡಿಲಿಸುತ್ತಾ ಗೊಂಬೆಯ ಹೆಜ್ಜೆಯನ್ನು ತಾಳಕ್ಕೆ ಕೂಡಿಸಬೇಕು. ಆ ಹೆಜ್ಜೆಯನ್ನು ಅವನ ಸ್ವಂತ ಕಾಲುಗಳೂ ಅರಿಯದಿದ್ದರೆ ಗೊಂಬೆ ಅಲುಗಾಡೀತೇ ಹೊರತು ಕುಣಿಯಲಾರದು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪುರಸ್ಕಾರ ಪಡೆದ ಕೊಗ್ಗ ದೇವಣ್ಣ ಕಾಮತರ ಕೈಯಲ್ಲಿ ಈ ಕಲೆ ಸಮುದ್ರ ದಾಟಿ ವಿದೇಶದ ರಂಗಗಳನ್ನೂ ಕಂಡಿತು. ಅವರ ಪುತ್ರ ಭಾಸ್ಕರ ಕೊಗ್ಗ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುಂದುವರಿಸಿದ್ದಲ್ಲದೆ, ಊರಿನಲ್ಲಿಯೇ ‘ಗೊಂಬೆಮನೆ’ಯನ್ನು ಕಟ್ಟಿಸಿ ಕಲೆಗೊಂದು ಶಾಶ್ವತ ನೆಲೆಯನ್ನು ಒದಗಿಸಿದರು. ಇಂದ್ರಜಾಲದಂಥ ಬೆರಗು ಈ ಗೊಂಬೆಯಾಟದ ‘ಲಂಕಾದಹನ’ ಪ್ರಸಂಗದ ಹನುಮಂತನಲ್ಲಿದೆ; ಆದ್ದರಿಂದ ಕೊಲ್ಲೂರಿನ ದರ್ಶನಕ್ಕಾಗಿ ಈ ಹೆದ್ದಾರಿಯಲ್ಲಿ ಧಾವಿಸುವ ಯಾತ್ರಿಕರು, ಆಟವಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು, ಒಂದು ಸಂಜೆಯಾದರೂ ತಲ್ಲೂರಿನಲ್ಲಿಳಿದು ಕುದ್ರುವಿನತ್ತ ತಿರುಗಬೇಕೆಂದು ನನ್ನ ಬಿನ್ನಹ.