ಕವಚಕ್ಕೆ ತಕ್ಕ ಯಂತ್ರ

ಐವತ್ತು ಅರುವತ್ತು ವರ್ಷ ಹಳೆಯದಾದ ಬೆಲೆಬಾಳುವ ಸ್ವಿಸ್ ಕೈಗಡಿಯಾರವೊಂದು ಮಾರಾಟಕ್ಕೆ ಬಂದಾಗ, ಕೊಳ್ಳುವವನ ಕಣ್ಣು ಸ್ವಭಾವತಃ ಮೊದಲು ಹೋಗುವುದು ಡಯಲಿನ ಮೇಲಣ ಹೆಸರಿನ ಕಡೆಗೆ. ಬಲ್ಲವರಾದರೋ ಅದನ್ನು ಅಂಗೈಯಲ್ಲಿ ಬೋರಲು ಹಾಕಿ, ಹಿಂಬದಿಯ ಮುಚ್ಚಳವನ್ನು ತೆಗೆದು ಒಳಗನ್ನು ನೋಡುವವರೆಗೂ ಬೆಲೆಯ ಮಾತನ್ನೇ ಎತ್ತುವುದಿಲ್ಲ. ಡಯಲನ್ನು ಹೊಸದಾಗಿ ಬರೆಯಿಸಬಹುದು, ಕವಚಕ್ಕೆ ಮೆರುಗು ಕೊಡಿಸಬಹುದು. ಒಳಗಿನ ಯಂತ್ರವನ್ನು ಕುರಿತು ಅವರು ಕೇಳುವ ಪ್ರಶ್ನೆಯೂ ಬರಿಯ ಅಸಲು ನಕಲುಗಳದ್ದಲ್ಲ. ಯಂತ್ರವೂ ಅಸಲು, ಕವಚವೂ ಅಸಲು ಆಗಿದ್ದು, ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲದಿರುವುದು ಈ ಲೋಕದಲ್ಲಿ ಸರ್ವಸಾಧಾರಣವಾದ ಸಂಗತಿ. ಆದಕಾರಣ ಈ ಯಂತ್ರವು ಈ ಕವಚಕ್ಕೆ ಸಲ್ಲತಕ್ಕದ್ದೇ ಎಂಬುದೇ ಪರೀಕ್ಷೆಯ ತಿರುಳು.

ಇಲ್ಲಿ ಹೊಸಬರು ಎಡವುವುದು ಬೇರೊಂದು ಕಡೆ. ಮುಚ್ಚಳ ತೆರೆದಾಗ ಡಯಲಿನ ಹೆಸರಿನವರಲ್ಲದೆ ಮತ್ತಾರದೋ ಕೈಕೆಲಸ ಕಂಡುಬಂದರೆ ಮೋಸಹೋದೆವೆಂದು ಅವರು ಬಗೆಯುತ್ತಾರೆ. ವಾಸ್ತವವಾಗಿ ಮಹಾ ಮಹಾ ಮನೆತನಗಳೇ ಅರೆಸಿದ್ಧ ಯಂತ್ರಗಳನ್ನು ಹೊರಗಿನಿಂದ ತರಿಸಿ, ತಿದ್ದಿ ತೀಡಿ, ತಮ್ಮ ಮುದ್ರೆಯೊತ್ತಿ ಬಳಸುತ್ತಿದ್ದುದು ಆ ಉದ್ಯಮದ ಒಪ್ಪಿತವಾದ ಪದ್ಧತಿ. 1941ರಲ್ಲಿ ಬಂದ ಪಟೆಕ್ ಫಿಲಿಪ್‌ನ 1518ನೆಯ ಮಾದರಿಯ, ಗುಂಡಿಯೊತ್ತಿ ಅವಧಿಯನ್ನು ಅಳೆಯಬಲ್ಲ ಕಾಲಮಾಪಕಕ್ಕೆ ಮೂಲವಾದದ್ದು ವಾಲ್‌ಜೂ ಕಾರ್ಖಾನೆಯ ಯಂತ್ರ. 1963ರ ರೋಲೆಕ್ಸ್ ಡೇಟೋನಾದೊಳಗಿದ್ದುದೂ ವಾಲ್‌ಜೂ ಕಾರ್ಖಾನೆಯ 72ನೆಯ ಕ್ಯಾಲಿಬರು, ಎಂದರೆ ಯಂತ್ರದ ಮಾದರಿ. 1988ರಿಂದ ಮುಂದೆ 2000ದವರೆಗೆ ಅದೇ ಡೇಟೋನಾಕ್ಕೆ ಝೆನಿತ್ ಕಂಪೆನಿಯ ಎಲ್ ಪ್ರಿಮೆರೊ ಆಧಾರವಾಯಿತು. ಇನ್ನೂ ಸ್ವಾರಸ್ಯವಾದ ಉದಾಹರಣೆ ಜೇಗರ್-ಲಕೂಲ್ತ್ರ್ ರೂಪಿಸಿದ 920ನೆಯ ಕ್ಯಾಲಿಬರಿನದು. 1972ರ ಔಡೆಮಾರ್ ಪಿಗೆಯ ರಾಯಲ್ ಓಕ್, 1976ರ ಪಟೆಕ್ ನಾಟಿಲಸ್, 1977ರ ವಷರಾನ್ 222, ಹೀಗೆ ಒಂದನ್ನೊಂದು ಪೈಪೋಟಿಯಿಂದ ನೋಡುತ್ತಿದ್ದ ಮೂರು ಗಡಿಯಾರಗಳ ಒಡಲಲ್ಲಿಯೂ ಆ ತೆಳು ಯಂತ್ರದ ವಂಶವೇ ಮಿಡಿಯುತ್ತಿತ್ತು. ಅದನ್ನು ಹೆತ್ತ ಕಂಪೆನಿ ಮಾತ್ರ ತನ್ನ ಗಡಿಯಾರಗಳಿಗೆ ಅದನ್ನು ಬಳಸಿಕೊಳ್ಳಲಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಕೈಗಡಿಯಾರ ಮಾಡತೊಡಗಿದ್ದು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದಲೇ ಎಂಬುದನ್ನು ನೆನೆದರೆ, ಎರವಲು ಯಂತ್ರವೆಂದು ಮೂಗು ಮುರಿಯುವುದಕ್ಕೆ ನಮಗೆ ಕಾರಣವಿಲ್ಲ.

ಹಾಗಾದರೆ ಯಂತ್ರವನ್ನು ಗುರುತಿಸುವುದು ಹೇಗೆ? ಸೇತುವೆಯೆಂದು ಕರೆಯುವ ಮೇಲ್ತಗಡುಗಳ ಮೇಲೆ ಕ್ಯಾಲಿಬರಿನ ಸಂಖ್ಯೆ ಕೊರೆದಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ, ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅಡಿಯಲ್ಲಿ, ಮುಖ್ಯ ತಗಡಿನ ಮೇಲೆ, ಮೂಲ ತಯಾರಕನ ಸಣ್ಣ ಚಿಹ್ನೆಯೂ ಅಂಕಿಯೂ ಅಡಗಿರುವುದುಂಟು. ಚಕ್ರ ತೂಗುತ್ತಿರುವಾಗ ಅದು ಕಾಣುವುದೇ ಕಷ್ಟ. ಅದೂ ಇಲ್ಲವಾದರೆ ಅಳತೆಯೇ ಗತಿ. ಸ್ವಿಸ್ ಕುಶಲಿಗಳು ಇಂದಿಗೂ ಯಂತ್ರದ ವ್ಯಾಸವನ್ನು ಹಳೆಯ ಫ್ರೆಂಚ್ ಮಾನವಾದ ಲೀನ್ಯಿನಲ್ಲಿ ಹೇಳುತ್ತಾರೆ. ಒಂದು ಲೀನ್ಯ್ ಎಂದರೆ ಸುಮಾರು 2.256 ಮಿಲಿಮೀಟರು. ಕೊನೆಗೆ ಡಯಲನ್ನೂ ಕಳಚಿ, ಕೀ ಕೊಡುವ ಮತ್ತು ಮುಳ್ಳು ತಿರುಗಿಸುವ ಭಾಗದ ಸನ್ನೆಗಳ ಆಕಾರವನ್ನು ನೋಡಬೇಕು. ಮೇಲಿನ ಸೇತುವೆಗಳನ್ನು ಗಿರಾಕಿಯ ಇಷ್ಟದಂತೆ ಕತ್ತರಿಸಿ ಅಲಂಕರಿಸುತ್ತಿದ್ದ ತಯಾರಕರು, ಡಯಲಿನ ಕೆಳಗಿನ ಈ ಸನ್ನೆಗಳನ್ನು ಮಾರ್ಪಡಿಸುವ ಗೊಡವೆಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಬಿಡಿಭಾಗ ಮಾರುವವರು ಪ್ರಕಟಿಸಿದ ಬೆಸ್ಟ್‌ಫಿಟ್, ಫ್ಲೂಮೆ ಮೊದಲಾದ ಹಳೆಯ ಕೈಪಿಡಿಗಳ ಪುಟಪುಟಗಳಲ್ಲಿ ಈ ಆಕಾರಗಳ ರೇಖಾಚಿತ್ರಗಳೇ ತುಂಬಿರುವುದು ಅದಕ್ಕಾಗಿ. ಅಮೆರಿಕಕ್ಕೆ ಹೋದ ಯಂತ್ರಗಳಲ್ಲಿ ಆಮದಿನ ಮೂರಕ್ಷರದ ಸಂಕೇತವೂ ಇರುತ್ತದೆ: ರೋಲೆಕ್ಸಿಗೆ ಆರ್‌ಒಡಬ್ಲ್ಯು, ಒಮೆಗಾಕ್ಕೆ ಒಎಕ್ಸ್‌ಜಿ.

ಇಷ್ಟನ್ನೂ ಒಂದೇ ಗಡಿಯಾರದಲ್ಲಿ ಕಾಣಬೇಕೆಂದರೆ ಒಮೆಗಾ ಸ್ಪೀಡ್‌ಮಾಸ್ಟರನ್ನು ತೆರೆಯಬೇಕು. 1957ರಲ್ಲಿ ಹುಟ್ಟಿದ, ಚಂದ್ರನ ನೆಲವನ್ನೂ ಕಂಡು ಬಂದ ಈ ಕಾಲಮಾಪಕದ ಮೊದಲ ಯಂತ್ರ 321ನೆಯ ಕ್ಯಾಲಿಬರು. ಲೆಮಾನಿಯಾ ಕಾರ್ಖಾನೆಯ ಆಲ್ಬರ್ಟ್ ಪಿಗೆ 1940ರ ದಶಕದ ಆದಿಯಲ್ಲಿ ರೂಪಿಸಿದ್ದು, ವ್ಯಾಸದಲ್ಲಿ 27 ಮಿಲಿಮೀಟರು, ಅಂದರೆ 12 ಲೀನ್ಯ್. 1968ರಲ್ಲಿ ಅದರ ಸ್ಥಾನಕ್ಕೆ ಬಂದ 861ನ್ನು ರೂಪಿಸಿದವರೂ ಅವರೇ. ಎರಡಕ್ಕೂ ತಾಮ್ರವರ್ಣದ ಲೇಪ. ಬಣ್ಣವನ್ನು ನಂಬಿದವನು ಕೆಟ್ಟ. ಮಸೂರವನ್ನು ಕಣ್ಣಿಗೆ ಸಿಕ್ಕಿಸಿ ನೋಡಿದರೆ, 321ರಲ್ಲಿ ಗುಂಡಿಯ ಅಪ್ಪಣೆಯನ್ನು ಪಾಲಿಸುವುದಕ್ಕೆ ಹಲ್ಲುಚಕ್ರವೊಂದರ ತಲೆಯ ಮೇಲೆ ಪುಟ್ಟ ಪುಟ್ಟ ಉಕ್ಕಿನ ಕಂಬಗಳು ವೃತ್ತಾಕಾರವಾಗಿ ನಿಂತಿರುವುದು ಕಾಣುತ್ತದೆ. ಗುಂಡಿ ಒತ್ತಿದಾಗ ಆ ಚಕ್ರ ಒಂದು ಹೆಜ್ಜೆ ಸರಿದು, ಸನ್ನೆಯ ಮೂತಿ ಕಂಬದಿಂದ ಜಾರಿ ಎರಡು ಕಂಬಗಳ ನಡುವಣ ತೆರವಿಗೆ ಇಳಿಯುತ್ತದೆ. 861ರಲ್ಲಿ ಕಂಬಗಳಿಲ್ಲ; ಅವುಗಳ ಕೆಲಸವನ್ನು ಆಕಾರವಿಟ್ಟು ಕತ್ತರಿಸಿದ, ಅತ್ತಿಂದಿತ್ತ ಹೊರಳುವ ಚಪ್ಪಟೆ ತಗಡು ಮಾಡುತ್ತದೆ. ಬಡಿತವೂ ಬೇರೆ: ಮೊದಲನೆಯದು ಗಂಟೆಗೆ 18,000, ಎರಡನೆಯದು 21,600. ಮುಚ್ಚಳದ ಒಳಮೈಯಲ್ಲಿ 145.012 ಎಂದು ಕೊರೆದಿದ್ದರೆ ಒಳಗೆ 321 ಇರತಕ್ಕದ್ದು, 145.022 ಎಂದಿದ್ದರೆ 861. ವರನ ಗೋತ್ರವನ್ನೂ ವಧುವಿನ ಗೋತ್ರವನ್ನೂ ಕೇಳದೆ ಮುಂದುವರಿಯದ ಪುರೋಹಿತರಂತೆ, ಪರೀಕ್ಷಕನು ಮುಚ್ಚಳದ ಮತ್ತು ಯಂತ್ರದ ಸಂಖ್ಯೆಗಳೆರಡನ್ನೂ ತಾಳೆನೋಡದೆ ಮುಂದಿನ ಮಾತು ಆಡಬಾರದು.

ಸಂಖ್ಯೆಗಳು ತಾಳೆಯಾದ ಮಾತ್ರಕ್ಕೆ ಸಂಶಯವೆಲ್ಲ ತೀರಿತೆಂದು ತಿಳಿಯುವಂತೆಯೂ ಇಲ್ಲ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಕಾಲದ, 2915-1 ಮಾದರಿಯ ಸ್ಪೀಡ್‌ಮಾಸ್ಟರೊಂದು 31 ಲಕ್ಷ ಸ್ವಿಸ್ ಫ್ರಾಂಕುಗಳಿಗೂ ಮಿಕ್ಕ ಬೆಲೆಗೆ ಹೋಯಿತು; ಕೊಂಡದ್ದು ತನ್ನ ಸಂಗ್ರಹಾಲಯಕ್ಕಾಗಿ ಸ್ವತಃ ಒಮೆಗಾ. ಅದು ಬೇರೆ ಬೇರೆ ಗಡಿಯಾರಗಳಿಂದ ಕಿತ್ತ, ಬಹುಪಾಲು ಅಸಲಿಯೇ ಆದ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದೂ, ಅದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತೆಂದೂ 2023ರಲ್ಲಿ ಕಂಪೆನಿಯೇ ಹೇಳಬೇಕಾಯಿತು. ಮಾಡಿದವರ ಮನೆಗೇ ಅವರು ಮಾಡದ ಗಡಿಯಾರವನ್ನು ಅವರ ಭಾಗಗಳಿಂದಲೇ ಮಾಡಿ ಮಾರಿದ ಆ ಚಾತುರ್ಯಕ್ಕೆ, ನೀತಿಯ ಮಾತನ್ನು ಬದಿಗಿರಿಸಿ, ಬೆರಗಾಗದಿರುವುದು ಕಷ್ಟ.

ಇಂತಹ ಸಂಶಯಗಳಲ್ಲಿ ಆಸರೆಯಾಗಿ, ಯಂತ್ರಸಂಖ್ಯೆಯ ಆಧಾರದ ಮೇಲೆ ಹಳೆಯ ದಾಖಲೆಪುಸ್ತಕಗಳನ್ನು ಶೋಧಿಸಿ ಪ್ರಮಾಣಪತ್ರ ಕೊಡುವ ಸಂಪ್ರದಾಯ ಪಟೆಕ್ ಫಿಲಿಪ್, ಲಾಂಜಿನ್ ಮುಂತಾದವರಲ್ಲಿದೆ. ಪಟೆಕ್ ಪತ್ರದಲ್ಲಿ ಯಂತ್ರದ ಮತ್ತು ಕವಚದ ಸಂಖ್ಯೆಗಳೆರಡೂ, ತಯಾರಾದ ಮತ್ತು ಮಾರಾಟವಾದ ಕಾಲವೂ ಇರುತ್ತವೆ. ರೋಲೆಕ್ಸ್ ಅಂತಹ ಪತ್ರವನ್ನು ಕೊಡುವುದಿಲ್ಲ. ಆದುದರಿಂದ ಹಳೆಯ ಡೇಟೋನಾ ಕೊಳ್ಳುವವನು ಪಟ್ಟಿ ಸಿಕ್ಕಿಸುವ ಕವಚದ ಕೊಂಬುಗಳ ನಡುವಣ ಸಂಖ್ಯೆಯಿಂದ ಕಾಲವನ್ನು ನಿರ್ಣಯಿಸಿ, 6239 ಮಾದರಿಗೆ ಕ್ಯಾಲಿಬರು 722, ತರುವಾಯದ 6263ಕ್ಕೆ ವೇಗವಾಗಿ ಬಡಿಯುವ 727 ಎಂದು ತಾನೇ ಎಣಿಸಿಕೊಂಡು, ಪಟ್ಟಿ ಕಳಚಿ ಮುಚ್ಚಳ ತೆರೆಯುವವರೆಗೆ ಹಣದ ಚೀಲದ ಬಾಯಿ ಬಿಚ್ಚದಿರುವುದೇ ವಾಡಿಕೆ.