ಉಪ್ಪಿನ ಸರೋವರದ ದಂಡೆಯ ದೆವ್ವಗಳು

ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ದಂಡೆಯಲ್ಲಿ ಸಾಲ್ಟ್‌ಏರ್ ಎಂಬ ವಿಹಾರಧಾಮವಿತ್ತು. 1893ರಲ್ಲಿ ಕಟ್ಟಿದ್ದು 1925ರಲ್ಲಿ ಸುಟ್ಟುಹೋಗಿ, ಮತ್ತೆ ತಲೆಯೆತ್ತಿ, ಕಡೆಗೆ 1958ರಲ್ಲಿ ಬಾಗಿಲು ಹಾಕಿತು. ಅರವತ್ತರ ದಶಕದ ಆರಂಭದಲ್ಲಿ ಒಂದು ಮುಸ್ಸಂಜೆ, ಕ್ಯಾಲಿಫೋರ್ನಿಯಾದಿಂದ ಕಾನ್ಸಾಸ್‌ಗೆ ಕಾರಿನಲ್ಲಿ ಮರಳುತ್ತಿದ್ದ ಚಿತ್ರನಿರ್ದೇಶಕ ಹರ್ಕ್ ಹಾರ್ವಿಯ ಕಣ್ಣಿಗೆ ಆ ಪಾಳುಗುಮ್ಮಟಗಳು ಬಿದ್ದವು. ಊರು ಸೇರಿದವನೇ ಗೆಳೆಯ ಜಾನ್ ಕ್ಲಿಫರ್ಡ್‌ಗೆ ಹೇಳಿದ: ಕೊನೆಯಲ್ಲಿ ಸತ್ತವರು ಆ ನೃತ್ಯಾಂಗಣದಲ್ಲಿ ಕುಣಿಯಬೇಕು, ಉಳಿದ ಕಥೆ ನಿನಗೆ ಬಿಟ್ಟಿದ್ದು.

‘ಕಾರ್ನಿವಲ್ ಆಫ್ ಸೋಲ್ಸ್’ (1962) ಚಿತ್ರ ಹುಟ್ಟಿದ್ದು ಹೀಗೆ, ಕೊನೆಯಿಂದ ಮೊದಲಿಗೆ.

ಲಾರೆನ್ಸ್ ಪಟ್ಟಣದ ಸೆಂಟ್ರಾನ್ ಕಂಪನಿಗಾಗಿ ಶೈಕ್ಷಣಿಕ, ಔದ್ಯಮಿಕ ಕಿರುಚಿತ್ರ ಮಾಡುವುದು ಹಾರ್ವಿಯ ಕಸುಬು. ಸ್ಥಳೀಯ ವ್ಯಾಪಾರಿಗಳಿಂದ ಹಣ ಕೂಡಿಸಿ, ರಜೆ ಹಾಕಿ, ಮೂರು ವಾರದಲ್ಲಿ ಚಿತ್ರೀಕರಣ ಮುಗಿಸಿದ. ಖರ್ಚು 30 ಸಾವಿರ ಡಾಲರ್ ಆಸುಪಾಸು. ಬಿಳಿಮುಖದ ಪ್ರೇತದ ಪಾತ್ರವನ್ನೂ ತಾನೇ ಮಾಡಿದ.

ಚಿತ್ರದಲ್ಲಿ ಸೇತುವೆಯಿಂದ ಕಾರು ನದಿಗೆ ಬೀಳುತ್ತದೆ. ಒಳಗಿದ್ದವರಲ್ಲಿ ಮೇರಿ ಒಬ್ಬಳೇ ಎಷ್ಟೋ ಹೊತ್ತಿನ ಮೇಲೆ ಕೆಸರು ಮೆತ್ತಿಕೊಂಡು ಮೇಲೆ ಬರುತ್ತಾಳೆ. ಯೂಟಾದ ಚರ್ಚೊಂದರಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರುತ್ತಾಳೆ. ಬಿಳಿಮುಖದವನು ಬೆನ್ನು ಬಿಡುವುದಿಲ್ಲ. ಅಂತ್ಯವನ್ನು ಬಹಳಷ್ಟು ಪ್ರೇಕ್ಷಕರು ಅರ್ಧದಲ್ಲೇ ಊಹಿಸಿಬಿಡುತ್ತಾರೆ. ಪೋಷಕ ನಟರು ಪಾಠ ಒಪ್ಪಿಸಿದಂತೆ ಮಾತಾಡುತ್ತಾರೆ, ತುಟಿಗೂ ದನಿಗೂ ಅಲ್ಲಲ್ಲಿ ತಾಳೆಯಾಗುವುದಿಲ್ಲ. ಇವು ನಿಜವಾದ ಕೊರತೆಗಳೇ. ಆದರೆ ಅಂಗಡಿಯಲ್ಲಿ ಬಟ್ಟೆ ನೋಡುತ್ತಿದ್ದ ಮೇರಿಗೆ ಇದ್ದಕ್ಕಿದ್ದಂತೆ ಲೋಕದ ಸದ್ದೆಲ್ಲ ನಿಂತುಹೋಗುತ್ತದೆ, ಯಾರಿಗೂ ಅವಳು ಕಾಣುವುದಿಲ್ಲ, ಕೇಳುವುದಿಲ್ಲ. ಮೇರಿಯ ಪಾತ್ರ ಮಾಡಿದ ಕ್ಯಾಂಡೇಸ್ ಹಿಲ್ಲಿಗಾಸ್‌ಳ ಅಗಲ ಕಣ್ಣುಗಳಲ್ಲಿ ಆಗ ಮೂಡುವ ದಿಗಿಲನ್ನು ದೊಡ್ಡ ಸ್ಟುಡಿಯೊದ ಎಷ್ಟೋ ಚಿತ್ರಗಳಿಗೆ ಮುಟ್ಟಲಾಗಿಲ್ಲ. ಜೀನ್ ಮೂರ್ ಅವರ ಆರ್ಗನ್ ಸಂಗೀತ ಇಡೀ ಚಿತ್ರದ ಬೆನ್ನಿಗೆ ಅಂಟಿಕೊಂಡೇ ನಡೆಯುತ್ತದೆ. ಸುತ್ತಲಿನವರ ಒಣ ಮಾತು ಕೂಡ ಅವಳ ಒಂಟಿತನವನ್ನು ಹೆಚ್ಚಿಸುತ್ತದೆಯೆಂದೇ ನನಗೆ ಅನ್ನಿಸುತ್ತದೆ.

ವಿತರಕರು ಚಿತ್ರಕ್ಕೆ ಕತ್ತರಿ ಹಾಕಿ, ಇನ್ನೊಂದು ಅಗ್ಗದ ಚಿತ್ರದ ಜೊತೆ ಜೋಡಿಯಾಗಿ ಬಿಡುಗಡೆ ಮಾಡಿದರು. ಗಳಿಕೆಯಾಗಲಿಲ್ಲ. ಹಾರ್ವಿ ಮತ್ತೆಂದೂ ಕಥಾಚಿತ್ರ ನಿರ್ದೇಶಿಸಲಿಲ್ಲ. ಸಾಲದ್ದಕ್ಕೆ ಪ್ರಿಂಟುಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆಯೇ ಇರಲಿಲ್ಲ. ಅಂದಿನ ಅಮೆರಿಕನ್ ಕಾನೂನಿನಂತೆ ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಆ ತಪ್ಪೇ ಅದನ್ನು ಉಳಿಸಿತು! ಟೀವಿ ಕೇಂದ್ರಗಳು ನಡುರಾತ್ರಿ ಹಾಕಿದವು, ಕ್ಯಾಸೆಟ್ ಮಾಡುವವರು ಯಾರನ್ನೂ ಕೇಳದೆ ನಕಲು ತೆಗೆದು ಮಾರಿದರು. 1989ರಲ್ಲಿ ಚಿತ್ರಮಂದಿರಗಳಿಗೂ ಮರಳಿತು. 1996ರಲ್ಲಿ ತೀರಿಕೊಂಡ ಹಾರ್ವಿ ಆ ಗೌರವವನ್ನು ಕಣ್ಣಾರೆ ಕಂಡ.

ನಕಲಿನ ನಕಲಿನಲ್ಲಿ ಕಪ್ಪು ಬೂದಿಯಾಗಿತ್ತು, ಬಿಳಿ ಹರಡಿಕೊಂಡಿತ್ತು. ಆ ಮಸುಕನ್ನೇ ಹಲವರು ಚಿತ್ರದ ಬಡತನವೆಂದೂ ಕೆಲವರು ಅದರ ಸೊಗಸೆಂದೂ ತಿಳಿದರು. ಕ್ರೈಟೀರಿಯನ್ ಸಂಸ್ಥೆ 2000ದಲ್ಲಿ ಡಿವಿಡಿ, 2016ರಲ್ಲಿ 4ಕೆ ಗುಣಮಟ್ಟಕ್ಕೆ ಪುನರುಜ್ಜೀವಿಸಿದ ಬ್ಲೂ-ರೇ ತಂದ ಮೇಲೆ ಛಾಯಾಗ್ರಾಹಕ ಮಾರಿಸ್ ಪ್ರೇದರ್ ಅವರ ಕೈಚಳಕ ಬೆಳಕಿಗೆ ಬಂತು. ಆರ್ಗನ್ ಕೊಳವೆಗಳ ಉದ್ದುದ್ದ ಗೆರೆ, ಸಾಲ್ಟ್‌ಏರ್ ಕಂಬಗಳ ನೆರಳು ಎಲ್ಲವೂ ಅಳೆದು ಇಟ್ಟಂಥವು. ಮಸುಕು ಹೋದರೂ ಭಯ ಹೋಗಲಿಲ್ಲ.

1970ರಲ್ಲಿ ಆ ಸಾಲ್ಟ್‌ಏರ್ ಕೂಡ ಬೆಂಕಿಗೆ ಆಹುತಿಯಾಯಿತು. ಅಂತರ್ಜಾಲದಲ್ಲಿ ಚಿತ್ರ ಉಚಿತವಾಗಿ ಸಿಗುತ್ತದೆ, ಆದರೆ ಕೈಗೆ ಸಿಕ್ಕ ಪ್ರತಿಯನ್ನು ನೋಡಿ ತೀರ್ಪು ಕೊಡಬೇಡಿ. ಪುನರುಜ್ಜೀವಿಸಿದ 78 ನಿಮಿಷಗಳ ಪ್ರತಿಯನ್ನೇ ಹುಡುಕಿ, ದೀಪ ಆರಿಸಿ ನೋಡಿ.