ವಾಟಣಿಯಲ್ಲಿ ಬಿಟ್ಟುಹೋಗುವ ಹೆಸರು

ಹಾನಗಲ್ಲ ಕಡೆಯ ಅಡಿಕೆ ತೋಟವಿರಲಿ, ಸವಣೂರಿನ ಎಲೆಬಳ್ಳಿಯ ತೋಟವಿರಲಿ, ಮನೆಯಲ್ಲಿ ವಾಟಣಿಯ ಮಾತು ಎದ್ದಾಗ ಎಷ್ಟೋ ಸಲ ಒಂದು ಹೆಸರು ಬಿಟ್ಟುಹೋಗುತ್ತದೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗನದೋ ಮಗಳದೋ ಹೆಸರು ಅದು. ‘ಅವನಿಗೇಕೆ ಹೊಲ? ಎರಡು ಹೊತ್ತು ಊಟ ಹಾಕಿದರಾಯಿತು’ ಎಂಬ ಮಾತು ಶಿಗ್ಗಾಂವಿ, ಹಿರೇಕೆರೂರುಗಳಲ್ಲೂ ನಮಗೆ ಹೊಸದಲ್ಲ.

ಕಾಯಿದೆ ಹಾಗೆ ಹೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮಿನ ಪ್ರಕಾರ ರೋಗ ಅಥವಾ ಅಂಗದೋಷದ ಕಾರಣಕ್ಕೆ ಯಾರ ವಾರಸಾ ಹಕ್ಕೂ ತಪ್ಪದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಆಸ್ತಿ ಹೊಂದುವ ಹಕ್ಕನ್ನು ಇತರರ ಸರಿಸಮನಾಗಿ ಕೊಟ್ಟಿದೆ. ಉತಾರದಲ್ಲಿ ಅವನ ಹೆಸರೂ ಬರಬೇಕು.

ಆದರೆ ಆ ಆಸ್ತಿಯನ್ನು ನೋಡಿಕೊಳ್ಳುವವರು ಯಾರು? ತೊಡಕು ಇಲ್ಲಿದೆ. ಮಗನಿಗೆ 18 ವರ್ಷ ತುಂಬಿದ ಮೇಲೆ ಹೆತ್ತವರೂ ಕಾಯಿದೆಯ ದೃಷ್ಟಿಯಲ್ಲಿ ಅವನ ಪಾಲಕರಲ್ಲ. ತಂದೆ ತೀರಿಕೊಂಡು ವಾರಸಾ ಮಾಡಿಸಲು ಹೋದಾಗಲೇ ಬಹುಮಂದಿಗೆ ಇದು ತಿಳಿಯುತ್ತದೆ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಉಳ್ಳವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯಿದೆ ಬಂತು. ಅದರಂತೆ ಜಿಲ್ಲಾಧಿಕಾರಿಯವರು, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಹಾಗೂ ಒಬ್ಬ ಅಂಗವಿಕಲರು ಇರುವ ಸ್ಥಳೀಯ ಮಟ್ಟದ ಸಮಿತಿಗೆ ತಂದೆತಾಯಿಗಳಾಗಲಿ, ಸಂಬಂಧಿಕರಾಗಲಿ ಅರ್ಜಿ ಕೊಡಬಹುದು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದ್ದರಿಂದ ಧಾರವಾಡಕ್ಕೆ ಅಲೆಯುವ ಕಾರಣವಿಲ್ಲ.

ಪಾಲಕನಾಗಿ ನೇಮಕವಾದವನು ತೋಟದ ಒಡೆಯನಾಗುವುದಿಲ್ಲ, ಇದನ್ನು ಅಣ್ಣತಮ್ಮಂದಿರು ಚೆನ್ನಾಗಿ ತಿಳಿದಿರಬೇಕು. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಯಾದಿ ಕೊಡಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಅಂಗವಿಕಲನನ್ನು ಹಿಂಸಿಸಿದರೆ, ಕಡೆಗಣಿಸಿದರೆ, ಆಸ್ತಿ ನುಂಗಿದರೆ ಸಮಿತಿ ಅವನನ್ನು ತೆಗೆದುಹಾಕಬಹುದು. ಹಾಗೆಂದು ಎಲ್ಲರಿಗೂ ಪಾಲಕ ಬೇಕೇಬೇಕೆಂದಿಲ್ಲ. ಅಡಿಕೆ ಆರಿಸಿ ಕೂಲಿ ಎಣಿಸಿಕೊಳ್ಳುವ, ತನಗೇನು ಬೇಕೆಂದು ಹೇಳಬಲ್ಲ ಹುಡುಗನ ಮಾತನ್ನು ಮೊದಲು ಕೇಳುವುದೇ ಸರಿ. ಅಂಥವನನ್ನು ‘ಹುಚ್ಚ’ ಎಂದು ಕರೆಯುವ ಚಾಳಿಯೂ ಹೋಗಬೇಕು. ಬುದ್ಧಿಮಾಂದ್ಯವೇ ಬೇರೆ, ಮನೋರೋಗವೇ ಬೇರೆ.

ವೈದ್ಯಕೀಯ ಪ್ರಮಾಣಪತ್ರವೂ ಯು.ಡಿ.ಐ.ಡಿ. ಕಾರ್ಡೂ ಇಲ್ಲದ ಮನೆಗಳವರು ಮೊದಲು ಅವನ್ನು ಮಾಡಿಸಲಿ. ದಾರಿ ತಿಳಿಯದಿದ್ದರೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಕಾಫಿ ಸೀಮೆಯ ಸದಸ್ಯರಿಗೂ ಇದೇ ಕಾಯಿದೆ. ಅರ್ಜಿ ಬರೆಯಲು ಕಷ್ಟವಾದವರು ಕಾಗದಪತ್ರ ಹಿಡಿದು ಸಂಘದ ಕಚೇರಿಗೆ ಬರಲಿ, ಕುಳಿತು ಬರೆದುಕೊಡುತ್ತೇವೆ. ಕೊಯ್ಲು ಮುಗಿಯಲೆಂದು ಕಾಯುವುದು ಬೇಡ.